ನಿಲ್ಲಣ್ಣನ ತಿರುವು

ಗಾಳಿಗುಂದಿಯಿಂದ ಕೆಳಪಾಳ್ಯಕ್ಕೆ ಇಳಿಯುವ ಘಟ್ಟದ ದಾರಿಯಲ್ಲಿ ಹದಿನಾಲ್ಕು ತಿರುವುಗಳಿವೆ. ಮೇಲಿನಿಂದ ಎಣಿಸಿಕೊಂಡು ಬಂದರೆ ಒಂಬತ್ತನೆಯದನ್ನು ನಿಲ್ಲಣ್ಣನ ತಿರುವು ಎನ್ನುತ್ತಾರೆ. ಇಳಿಯುವಾಗ ಎಡಕ್ಕೆ ಕರಿಬಂಡೆಯ ಗೋಡೆ, ಬಲಕ್ಕೆ ಬಗ್ಗಿ ನೋಡಿದರೆ ತಲೆ ತಿರುಗುವ ಕಮರಿ. ಈಗ ರಸ್ತೆಯನ್ನು ಅಗಲ ಮಾಡಿದ್ದಾರೆ, ಅಂಚಿಗೆ ಕಬ್ಬಿಣದ ತಡೆ ಹಾಕಿದ್ದಾರೆ, ಎದುರಿನಿಂದ ಬರುವ ಗಾಡಿ ಕಾಣಲೆಂದು ತಿರುವಿನ ನೆತ್ತಿಯಲ್ಲಿ ಒಂದು ಉಬ್ಬುಗನ್ನಡಿಯನ್ನೂ ನಿಲ್ಲಿಸಿದ್ದಾರೆ. ಬಂಡೆಯ ಬುಡದಲ್ಲಿ ಆಳೆತ್ತರದ ಒಂದು ಗುಡಿಯಿದೆ. ಒಳಗೆ ಮೊಳದುದ್ದದ ಕಲ್ಲಿನಲ್ಲಿ ಪೇಟ ಸುತ್ತಿ ಮೀಸೆ ತಿರುವಿದ ಒಬ್ಬ ಗಂಡಸು ನಿಂತಿದ್ದಾನೆ. ಹೊರಗಿನ ಫಲಕದಲ್ಲಿ ‘ಶ್ರೀ ನಿಲ್ಲಣ್ಣಸ್ವಾಮಿ ಪ್ರಸನ್ನ’ ಎಂದು ಬರೆದಿದೆ. ಈ ನಿಲ್ಲಣ್ಣ ಯಾರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪಾಳೆಯಗಾರರ ಕಾಲದಲ್ಲಿ ಕಣಿವೆ ಕಾಯುತ್ತಿದ್ದ ತಳವಾರ ಎಂದು ಕೆಲವರು, ಬೆಟ್ಟದಲ್ಲಿ ತಪಸ್ಸು ಮಾಡಿ ಐಕ್ಯನಾದ ಒಬ್ಬ ಜಂಗಮ ಎಂದು ಇನ್ನು ಕೆಲವರು.

ನಾನು ಹೆಚ್ಚು ಓದಿದವನಲ್ಲ. ಮೂವತ್ತೊಂದು ವರ್ಷ ಈ ರಸ್ತೆಯ ಗ್ಯಾಂಗಿನಲ್ಲಿ ಗುದ್ದಲಿ ಹಿಡಿದವನು. ನನಗಿಂತ ಮೊದಲು ನನ್ನ ತಂದೆ, ಅವನಿಗಿಂತ ಮೊದಲು ನನ್ನ ತಾತ ತಿಮ್ಮಬೋವಿ ಇದೇ ಗ್ಯಾಂಗಿನ ಮೇಸ್ತ್ರಿಯಾಗಿದ್ದ. ಆ ದಿನ ನಡೆದದ್ದರಲ್ಲಿ ಅರ್ಧವನ್ನು ತಾತ ಕಣ್ಣಾರೆ ಕಂಡವನು, ಉಳಿದರ್ಧವನ್ನು ಕಂಡವರ ಬಾಯಿಂದ ಕೇಳಿದವನು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ನಿಲ್ಲಣ್ಣ ಎಂಬ ಹೆಸರಿನ ಗಂಡಸು ಈ ಸೀಮೆಯಲ್ಲಿ ಹುಟ್ಟಿಯೇ ಇಲ್ಲ.

ಹಿಂದೆ ಒಮ್ಮೆ, ಈ ದಾರಿ ಡಾಂಬರು ಕಾಣುವುದಕ್ಕೆ ಎಷ್ಟೋ ವರ್ಷ ಮೊದಲು, ಕಾರ್ತಿಕ ಮಾಸದಲ್ಲಿ ಮೂಡಣ ಸಮುದ್ರದ ಕಡೆಯಿಂದ ಜಡಿಮಳೆ ಹಿಡಿಯಿತು. ನಮ್ಮದು ಒಣಗಾಡಿನ ಬೆಟ್ಟ. ಇಲ್ಲಿ ಮಳೆ ಬಂದರೆ ಗುಡುಗಿ ಸುರಿದು ಒಂದು ಗಳಿಗೆಯಲ್ಲಿ ಹೊರಟುಹೋಗುತ್ತದೆ. ಆ ಸಲ ಹಾಗಾಗಲಿಲ್ಲ. ಮೂರು ಹಗಲು ಮೂರು ರಾತ್ರಿ ಒಂದೇ ಸಮನೆ ಸುರಿದು, ಮಣ್ಣು ನೀರು ಕುಡಿದು ಕುಡಿದು ಊದಿಕೊಂಡಿತು. ನಾಲ್ಕನೆಯ ಬೆಳಗ್ಗೆ ಮಳೆ ಸಣ್ಣಗಾಯಿತು. ಆದರೆ ಮೋಡ ಮೇಲೇಳುವ ಬದಲು ಕೆಳಗಿಳಿದು ಘಟ್ಟದ ಮೇಲೆ ಕುಳಿತುಬಿಟ್ಟಿತು. ಎತ್ತಿನ ಗಾಡಿಯಲ್ಲಿ ಕುಳಿತವನಿಗೆ ಎತ್ತಿನ ಕೊಂಬು ಕಾಣುತ್ತಿರಲಿಲ್ಲ ಎನ್ನುತ್ತಾರೆ.

ಗಾಳಿಗುಂದಿಗೆ ಆರು ಮೈಲಿ ದೂರದ ದೊಡ್ಡಹುಂಡಿಯಲ್ಲಿ ಗುರುಮಲ್ಲಪ್ಪ ಎಂಬವನಿದ್ದ. ಯಾರೋ ಎಸ್ಟೇಟಿನವರು ಮಾರಿದ ಹಳೆಯ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಬಟ್ಟೆಯ ಚಾವಣಿಯ ಕಾರು ಅದು. ಹೆರಿಗೆ, ಹಾವು ಕಚ್ಚಿದ್ದು, ಮದುವೆ, ಎಲ್ಲಕ್ಕೂ ಸುತ್ತಿನ ಹಳ್ಳಿಗಳವರು ಅವನನ್ನೇ ಕೂಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವನ ಕಾರು ಒಂದು ಕೋಳಿಯನ್ನೂ ತುಳಿದಿರಲಿಲ್ಲವಂತೆ. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಮಂಜಿದ್ದರೆ ಗಾಜನ್ನು ಇಳಿಸಿ ತಲೆ ಹೊರಗಿಟ್ಟು, ಕಿವಿಯಿಂದಲೇ ದಾರಿ ನೋಡುತ್ತಿದ್ದ. ಅವನ ಹೆಂಡತಿ ದುಂಡಮ್ಮ. ಅವರಿಗೆ ಒಬ್ಬಳೇ ಮಗಳು, ಬಸಮಣ್ಣಿ. ಅವಳನ್ನು ಘಟ್ಟದ ಕೆಳಗಿನ ಕೆಳಪಾಳ್ಯಕ್ಕೆ ಕೊಟ್ಟಿದ್ದರು. ತುಂಬು ಬಸುರಿಯನ್ನು ತವರಿಗೆ ಕರೆದುಕೊಂಡು ಬರಬೇಕೆಂದಿದ್ದಾಗಲೇ ಮಳೆ ಹಿಡಿದುಬಿಟ್ಟಿತ್ತು.

ಮೂರನೆಯ ದಿನದ ಸಂಜೆ ಕೆಳಪಾಳ್ಯದ ಆಳೊಬ್ಬ ಕಾಲುದಾರಿಯಲ್ಲಿ ಬೆಟ್ಟ ಹತ್ತಿ ಬಂದು, ಬಸಮಣ್ಣಿಗೆ ಹಿಂದಿನ ದಿನದಿಂದ ನೋವು ಬರುತ್ತಿದೆ, ಮಗು ತಿರುಗಿಲ್ಲ, ಸೂಲಗಿತ್ತಿ ಕೈಚೆಲ್ಲಿದ್ದಾಳೆ ಎಂದು ತಿಳಿಸಿದ. ಆ ಕತ್ತಲೆಯಲ್ಲಿ ಇಳಿಯುವುದಕ್ಕೆ ಗುರುಮಲ್ಲಪ್ಪ ಒಪ್ಪಲಿಲ್ಲ. ಬೆಳಕು ಹರಿಯುತ್ತಲೇ ಗಂಡ ಹೆಂಡತಿ ಇಬ್ಬರೂ ಹೊರಟರು. ಎಂಟು ಗಂಟೆಯ ಹೊತ್ತಿಗೆ ಗಾಳಿಗುಂದಿಯ ಗ್ಯಾಂಗ್ ಮನೆಯ ಮುಂದೆ ಕಾರು ಬಂದು ನಿಂತಾಗ ನನ್ನ ತಾತ ಗೋಣಿಕೊಪ್ಪೆ ಹೊದ್ದು ಹೊರಗೆ ಬಂದ.

“ಇಳೀಬ್ಯಾಡಿ ಗುರುಮಲ್ಲಣ್ಣ,” ಎಂದ. “ಮೋಡ ನೆಲಕ್ಕೆ ಕೂತದೆ. ರಾತ್ರಿ ಕೆಳಗಡೆ ಎಲ್ಲೋ ಏನೋ ಉರುಳಿದ ಸದ್ದಾಯ್ತು. ನಮ್ಮೋರು ಇನ್ನೂ ಹೋಗಿ ನೋಡಿಲ್ಲ.”

ಗುರುಮಲ್ಲಪ್ಪ ಎಂಜಿನ್ ಆರಿಸಿದ. ಕೆಳಗಿನ ದಾರಿಯ ಕಡೆ ನೋಡಿದ. ದಾರಿ ಹತ್ತು ಮಾರಿನಾಚೆ ಬಿಳಿ ಗೋಡೆಯೊಳಕ್ಕೆ ಹೊಕ್ಕು ಕಾಣೆಯಾಗಿತ್ತು. “ಒಂದು ಗಂಟೆ ನಿಲ್ಲಾನ,” ಎಂದ ಹೆಂಡತಿಗೆ. “ಗಾಳಿ ಎದ್ದರೆ ಮೋಡ ಹರೀತದೆ.”

“ಒಂದು ಗಂಟೆ ನಿಮಗಾಯ್ತು. ಅವಳಿಗೆ?” ಎಂದಳು ದುಂಡಮ್ಮ. “ಅಲ್ಲಿ ಅವಳು ಉಸಿರು ಹಿಡ್ಕೊಂಡು ಬಾಗ್ಲು ನೋಡ್ತಾ ಮಲಗವ್ಳೆ. ನಿಮಗೆ ಭಯವಾದ್ರೆ ಬುಡಿ, ನಾನು ನಡ್ಕೊಂಡೇ ಇಳೀತೀನಿ.” ಹೀಗೆಂದು ಬಾಗಿಲು ತೆಗೆದು ಕೆಸರಿಗೆ ಕಾಲಿಟ್ಟೇಬಿಟ್ಟಳು.

ಗುರುಮಲ್ಲಪ್ಪ ಮತ್ತೆ ಎಂಜಿನ್ ಹಚ್ಚಿದ. ಆಮೇಲೆ “ಹತ್ತು,” ಎಂದ. ಅಷ್ಟೇ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ ಎಂದು ತಾತ ಹೇಳುತ್ತಿದ್ದ. ಆ ಗಳಿಗೆಯಲ್ಲಿ ತಾನು ದಾರಿಗೆ ಅಡ್ಡಲಾಗಿ ಒಂದು ದಿಮ್ಮಿಯನ್ನು ಉರುಳಿಸಬೇಕಾಗಿತ್ತು, ಹೆಣ್ಣುಮಗಳ ಸಂಕಟ ನೋಡಿ ಕೈ ಬರಲಿಲ್ಲ ಎಂದು ಸಾಯುವತನಕ ಕೊರಗುತ್ತಿದ್ದ. ಕಾರು ಮಂಜಿನೊಳಕ್ಕೆ ಹೋಯಿತು. ಪ್ರತಿ ತಿರುವಿನಲ್ಲಿಯೂ ಅದರ ಹಾರನ್ನು ಒಂದೊಂದು ಸಲ ಕೇಳಿಸುತ್ತಿತ್ತು. ಎಣಿಸುತ್ತ ನಿಂತ ತಾತನಿಗೆ ಎಂಟರವರೆಗೆ ಕೇಳಿಸಿತು.

ಅರ್ಧ ಗಂಟೆಯ ಮೇಲೆ ಸಂತೆಯ ಬಸ್ಸು ಬಂತು. ಓಡಿಸುತ್ತಿದ್ದವನು ಖಾಸಿಂ ಸಾಬಿ, ಒಳಗೆ ನಲವತ್ತಕ್ಕೂ ಹೆಚ್ಚು ಜನ. ತಾತ ಅಡ್ಡ ನಿಂತು ಬೇಡವೆಂದ. “ಗುರುಮಲ್ಲಣ್ಣ ಹೋದ್ರಾ?” ಎಂದು ಖಾಸಿಂ ಸಾಬಿ ಕೇಳಿದ. ಹೋದರು ಎಂದ ಮೇಲೆ, “ಅವರೇ ಇಳಿದ ದಾರಿ, ನನ್ನ ಬಸ್ಸು ಇಳೀಬಾರದಾ ಮೇಸ್ತ್ರಿ?” ಎಂದು ನಕ್ಕು ಬಸ್ಸನ್ನು ಮುಂದಕ್ಕೆ ಬಿಟ್ಟ. ಅದರ ಹಿಂದೆ ಬಿದಿರು ತುಂಬಿದ ಲಾರಿಯೊಂದು ಡಿಪೋದಿಂದ ಹೊರಟಿದೆ ಎಂಬುದು ತಾತನಿಗೆ ಗೊತ್ತಿತ್ತು. ಮನಸ್ಸು ತಡೆಯದೆ ನಾಲ್ಕು ಆಳುಗಳನ್ನು ಕರೆದುಕೊಂಡು, ಹಾರೆ ಹಗ್ಗ ಹೊತ್ತು, ಕಾಲ್ನಡಿಗೆಯಲ್ಲೇ ಬಸ್ಸಿನ ಹಿಂದೆ ಹೊರಟ.

ಅಷ್ಟರಲ್ಲಿ ಒಂಬತ್ತನೆಯ ತಿರುವಿನಲ್ಲಿ ಆಗಬಾರದ್ದು ಆಗಿಹೋಗಿತ್ತು. ರಾತ್ರಿ ಬಂಡೆಯ ಮೇಲಿಂದ ಮಣ್ಣು ಜಾರಿ, ಅದರ ಜೊತೆಗೆ ಆನೆಗಾತ್ರದ ಒಂದು ಗುಂಡುಕಲ್ಲು ಉರುಳಿ ಬಂದು ದಾರಿಯ ಎಡಭಾಗವನ್ನು ಪೂರ್ತಿ ಹಿಡಿದಿತ್ತು. ಬಲಗಡೆ ದಾರಿಯೇ ಬಾಯಿಬಿಟ್ಟಿತ್ತು. ಗುರುಮಲ್ಲಪ್ಪ ನಡೆಯುವ ವೇಗದಲ್ಲೇ ಬರುತ್ತಿದ್ದ. ಆದರೂ ಗುಂಡು ಕಂಡಿದ್ದು ನಾಲ್ಕೈದು ಮಾರು ದೂರಕ್ಕೆ ಬಂದ ಮೇಲೆ. ಬ್ರೇಕು ತುಳಿದರೆ ಗಾಲಿ ನಿಂತಿತು, ಕಾರು ನಿಲ್ಲಲಿಲ್ಲ. ಬೆಣ್ಣೆಯಂತಾಗಿದ್ದ ಕೆಸರಿನ ಮೇಲೆ ಅಡ್ಡಡ್ಡಲಾಗಿ ಜಾರತೊಡಗಿತು. ಬಲಕ್ಕೆ ಹೋದರೆ ಕಮರಿ ಎಂದು ತಿಳಿದು ಅವನು ಸ್ಟೀರಿಂಗನ್ನು ಎಡಕ್ಕೆ ಎಳೆದ. ಕಾರು ಗುಂಡುಕಲ್ಲಿಗೆ ಬಡಿದು, ಒಂದು ಪಕ್ಕಕ್ಕೆ ಮಗುಚಿ, ದಾರಿಗೆ ಅಡ್ಡಲಾಗಿ ಬಿತ್ತು. ದುಂಡಮ್ಮ ಹೊರಕ್ಕೆ ಎಗರಿ ಮಣ್ಣಿನ ಮೇಲೆ ಬಿದ್ದಳು. ಎಡಗೈ ಮೊಣಕೈಯ ಕೆಳಗೆ ಮುರಿದು ಜೋತಾಡುತ್ತಿತ್ತು. ಎದ್ದು ಬಂದು ನೋಡಿದರೆ ಗಂಡನ ಸೊಂಟದಿಂದ ಕೆಳಗಿನ ಭಾಗವೆಲ್ಲ ಕಾರಿಗೂ ಕಲ್ಲಿಗೂ ನಡುವೆ ಸಿಕ್ಕಿಬಿದ್ದಿತ್ತು.

ಅವಳು ಒಂದೇ ಕೈಯಲ್ಲಿ ಅವನ ತೋಳು ಹಿಡಿದು ಎಳೆದಳು. ಕಾರಿಗೆ ಹೆಗಲು ಕೊಟ್ಟು ನೂಕಿದಳು. ಮಣ್ಣನ್ನು ಉಗುರಿನಿಂದ ಕೆದರಿದಳು. ಎಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗುರುಮಲ್ಲಪ್ಪನಿಗೆ ಪ್ರಜ್ಞೆ ಇತ್ತು. ಅವನು ಅವಳ ಕೈ ತಡೆದು, ಮೊದಲು ಕೀಲಿ ತಿರುಗಿಸಿ ಎಂಜಿನ್ ಆರಿಸು ಎಂದ. ಅವಳು ಆರಿಸಿದಳು. ಎಂಜಿನ್ನಿನ ಸದ್ದು ನಿಂತ ಮೇಲೆ ಘಟ್ಟವೆಲ್ಲ ಸ್ತಬ್ಧವಾಯಿತು. ಅವನು ಅಷ್ಟು ಹೊತ್ತು ಕಿವಿಗೊಟ್ಟು ಕೇಳುತ್ತಿದ್ದುದು ಏನೆಂದು ಆಗ ಅವಳಿಗೆ ಗೊತ್ತಾಯಿತು. ಬಹಳ ಮೇಲೆ, ಮಂಜಿನೊಳಗೆ, ಸಂತೆಯ ಬಸ್ಸಿನ ಹಾರನ್ನು.

“ದುಂಡು, ಮೇಲಕ್ಕೆ ಹೋಗು,” ಎಂದ.

“ನಿಮ್ಮ ಬುಟ್ಟು ನಾನೆಲ್ಲಿಗೂ ಹೋಗಕಿಲ್ಲ.”

“ಬಸ್ನೋನಿಗೆ ಈ ಕಾರು ಕಾಣಕಿಲ್ಲ. ಕಂಡಾಗ ಬ್ರೇಕು ಹಿಡಿಯೋಕೆ ಜಾಗ ಇರಕಿಲ್ಲ. ನಮ್ಮನ್ನೂ ಹೊಡ್ಕೊಂಡು ಎಲ್ಲರೂ ಕಮರಿಗೆ ಬೀಳ್ತೀವಿ. ತಿರುವು ದಾಟ್ಕೊಂಡು ನೂರಿಪ್ಪತ್ತು ಹೆಜ್ಜೆ ಎಣಿಸಿ ಹೋಗು. ಸೊಪ್ಪು ಮುರಿದು ದಾರಿಗೆ ಹಾಕು. ಕಣ್ಣಿಗೆ ಏನೂ ಕಾಣಕಿಲ್ಲ, ಕಿವಿಗೆ ಕೇಳಬೇಕು. ಕೂಗು. ಸುಮ್ಮನಾಗಬ್ಯಾಡ.”

ಅವಳು ಅಲ್ಲೇ ಕುಳಿತಿದ್ದಳು. ಹಾರನ್ನು ಇನ್ನೊಂದು ತಿರುವು ಕೆಳಗೆ ಕೇಳಿಸಿತು. ಅವನು ಕೈಯೆತ್ತಿ ಅವಳ ಕೆನ್ನೆಯ ಮೇಲಿನ ಮಣ್ಣನ್ನು ಒರೆಸಿ, “ಎದ್ದೇಳವ್ವ, ನಲವತ್ತು ಜನ ಅವ್ರೆ,” ಎಂದ. ಹೆಂಡತಿಯನ್ನು ಅವನು ಅವ್ವ ಎಂದು ಕರೆದದ್ದು ಅದೇ ಮೊದಲಂತೆ.

ದುಂಡಮ್ಮ ಎದ್ದಳು. ಮುರಿದ ಕೈಯನ್ನು ಸೆರಗಿನಿಂದ ಕಟ್ಟಿಕೊಂಡು ಏರು ದಾರಿಯಲ್ಲಿ ಹೆಜ್ಜೆ ಎಣಿಸುತ್ತ ಓಡಿದಳು. ಹತ್ತು ಹೆಜ್ಜೆಗೆ ಕಾರು ಕಣ್ಮರೆಯಾಯಿತು. ನೂರಿಪ್ಪತ್ತಕ್ಕೆ ನಿಂತು, ದಾರಿಯಂಚಿನ ಬಂದರಿಕೆ ಗಿಡಗಳನ್ನು ಒಂದೇ ಕೈಯಲ್ಲಿ ಜಗ್ಗಿ ಮುರಿದು, ಕಾಲಲ್ಲಿ ತುಳಿದು ಹರಿದು ದಾರಿಗೆ ಅಡ್ಡಲಾಗಿ ಹಾಸಿದಳು. ಮುಂದೆ ಬಿಳುಪು, ಹಿಂದೆ ಬಿಳುಪು. ಎಂಜಿನ್ನಿನ ಗುರುಗುರು ಯಾವ ಕಡೆಯಿಂದ ಬರುತ್ತಿದೆ ಎಂದೂ ತಿಳಿಯುತ್ತಿರಲಿಲ್ಲ. ಅವಳು ದಾರಿಯ ನಟ್ಟನಡುವೆ ನಿಂತು ಹೊಟ್ಟೆಯೊಳಗಿನಿಂದ ಕೂಗಿದಳು: “ನಿಲ್ಲಣ್ಣಾ! ನಿಲ್ಲಣ್ಣಾ!”

ಬಸ್ಸಿನಲ್ಲಿ ಮಳೆಯ ಇರಿಚಲಿಗೆ ಜನ ಪಕ್ಕದ ಪರದೆಗಳನ್ನೆಲ್ಲ ಬಿಗಿದುಕೊಂಡು ಕುಳಿತಿದ್ದರು. ಖಾಸಿಂ ಸಾಬಿಗೆ ಮೊದಲು ಕೂಗು ಕೇಳಲಿಲ್ಲ. ಗಾಲಿಯ ಕೆಳಗೆ ಕಡ್ಡಿಗಳು ಪಟಪಟನೆ ಮುರಿದ ಸದ್ದು ಕೇಳಿಸಿತು. ದಾರಿಯ ಮೇಲೆ ಹಸಿರು ಸೊಪ್ಪು ಬಿದ್ದಿದ್ದರೆ ಮುಂದೆ ಯಾವುದೋ ಗಾಡಿ ಕೆಟ್ಟು ನಿಂತಿದೆ ಎಂದೇ ಅರ್ಥ. ಅವನು ಬ್ರೇಕು ಒತ್ತಿದ. ಒತ್ತಿದ ಮೇಲೆ ಕೂಗು ಕೇಳಿಸಿತು. ಬಸ್ಸು ಎರಡು ಸಲ ಜಾರಿ, ಹಿಂಭಾಗ ಕಮರಿಯ ಕಡೆಗೆ ಒಲೆದು, ಕೊನೆಗೆ ನಿಂತಿತು. ಖಾಸಿಂ ಸಾಬಿ ತಲೆ ಹೊರಗೆ ಹಾಕಿ ನೋಡಿದರೆ ಹೆಂಗಸೊಬ್ಬಳು ರೇಡಿಯೇಟರಿನ ಮೇಲೆ ಅಂಗೈಯಿಟ್ಟು ನಿಂತಿದ್ದಳು. ಒಂದು ಹೆಜ್ಜೆಯೂ ಹಿಂದಕ್ಕೆ ಸರಿದಿರಲಿಲ್ಲ. ಅಂಗೈ ಸುಟ್ಟಿದ್ದು ಅವಳಿಗೆ ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತಂತೆ.

ಕೆಳಗೆ ಏನಾಗಿದೆ ಎಂದು ಅವಳು ಹೇಳುತ್ತಲೇ ಗಂಡಸರೆಲ್ಲ ಇಳಿದು ಓಡಿದರು. ಅವಳೂ ಅವರ ಹಿಂದೆ ಹತ್ತು ಹೆಜ್ಜೆ ಓಡಿದಳು. ಆಗ ಖಾಸಿಂ ಸಾಬಿ ಕುಳಿತಲ್ಲಿಂದಲೇ ಕಿರುಚಿದ: “ಅವ್ವಾ, ಹಿಂದೆ ಬಿದಿರಿನ ಲಾರಿ ಬರ್ತಾ ಇದೆ! ನನ್ನ ಕೈಬ್ರೇಕು ನಿಲ್ಲಲ್ಲ, ಕಾಲು ತೆಗೆದ್ರೆ ಬಸ್ಸು ಜಾರ್ತದೆ. ಗಾಲಿಗೆ ಕಲ್ಲು ಕೊಡೋವರೆಗೂ ನಾನು ಏಳೋ ಹಂಗಿಲ್ಲ. ಒಳಗೆ ಮುದುಕರು, ಮಕ್ಕಳನ್ನ ಹೊತ್ತ ಹೆಂಗಸರು ಅವ್ರೆ. ಯಾರಾದ್ರೂ ಮೇಲಕ್ಕೆ ಹೋಗಬೇಕು.”

ಯಾರೂ ಇರಲಿಲ್ಲ. ಇದ್ದ ಗಂಡಸರೆಲ್ಲ ಮಂಜಿನೊಳಗೆ ಕೆಳಕ್ಕೆ ಹೋಗಿಯಾಗಿತ್ತು. ದುಂಡಮ್ಮ ದಾರಿಯ ಮಧ್ಯೆ ನಿಂತು ಒಮ್ಮೆ ಕೆಳಗೆ ನೋಡಿದಳು, ಒಮ್ಮೆ ಮೇಲೆ ನೋಡಿದಳು. ಬಸ್ಸಿನೊಳಗಿದ್ದ ಒಬ್ಬ ಮುದುಕಿ ಇದನ್ನು ನೋಡಿದವಳು. ಆ ಹೆಂಗಸು ಕರು ಕಳೆದುಕೊಂಡ ಹಸುವಿನ ಹಾಗೆ ನಿಂತಲ್ಲೇ ಸುತ್ತಿದಳು ಎಂದು ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳಂತೆ. “ಅವರಿಗೆ ಹೇಳಿ, ನಾನು ಇಲ್ಲೇ ಇವ್ನಿ ಅಂತ ಹೇಳಿ,” ಎಂದು ದುಂಡಮ್ಮ ಕೆಳಗಿನ ಮಂಜಿಗೆ ಕೂಗಿ ಹೇಳಿದಳು. ಆಮೇಲೆ ಬೆನ್ನು ತಿರುಗಿಸಿ, ಬಸ್ಸನ್ನು ದಾಟಿ, ಗಂಡನಿಂದ ಇನ್ನೂ ದೂರಕ್ಕೆ ಏರಿಹೋದಳು.

ಕೆಳಗೆ ಇಪ್ಪತ್ತು ಜನ ಕಾರಿಗೆ ಕೈಹಾಕಿದರು. ಕಾರು ಕದಲಿದರೆ ಗುಂಡು ಕದಲುತ್ತಿತ್ತು, ಗುಂಡು ಕದಲಿದರೆ ಮೇಲಿನ ಮಣ್ಣು ಸುರಿಯುತ್ತಿತ್ತು. ಯಾರೋ ತೋಳು ಹಿಡಿದು ಎಳೆಯೋಣ ಎಂದರು. ಹಿಂದೆ ದಂಡಿನಲ್ಲಿದ್ದು ಬಂದ ಒಬ್ಬಾತ ಬೇಡವೆಂದು ತಡೆದು, ಗಾಯಾಳುವಿನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಂಬಳಿ ಹೊದಿಸಿದ. ಗುರುಮಲ್ಲಪ್ಪನ ಮುಖ ಬೂದಿಯಂತಾಗಿತ್ತು. ಅವನು ಕೇಳಿದ್ದು ಎರಡೇ ಮಾತು. ಬಸ್ಸು ನಿಂತಿತಾ ಎಂದು ಒಂದು. ನಿಂತಿತು ಎಂದರು. ಹಾಗಾದರೆ ಅವಳು ಇನ್ನೂ ಯಾಕೆ ಕೂಗುತ್ತಿದ್ದಾಳೆ ಎಂದು ಇನ್ನೊಂದು. ಲಾರಿ ಬರುವುದಿದೆಯಂತೆ ಎಂದರು. ಅವನು ಕಣ್ಣು ಮುಚ್ಚಿಕೊಂಡ. ಮೇಲಿನಿಂದ ಆ ದನಿ ಬಿಟ್ಟೂ ಬಿಟ್ಟೂ ಇಳಿದು ಬರುತ್ತಿತ್ತು. ಪ್ರತಿ ಸಲ ಅದು ಕೇಳಿದಾಗಲೂ ಅವನ ಬೆರಳು ಕಂಬಳಿಯ ಮೇಲೆ ಒಂದಿಷ್ಟು ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ದನಿ ಕೇಳಿತು, ಬೆರಳು ಅಲುಗಲಿಲ್ಲ. ದಂಡಿನವನು ಮೂಗಿನ ಬಳಿ ಕೈ ಹಿಡಿದು ನೋಡಿ, ತನ್ನ ತಲೆಯ ರುಮಾಲನ್ನು ತೆಗೆದ. ಇಪ್ಪತ್ತು ಜನ ಅಲ್ಲಿ ನಿಂತಿದ್ದರು. ಮೇಲೆ ಅವಳು ಕೂಗುತ್ತಲೇ ಇದ್ದಳು. ಹತ್ತಿ ಹೋಗಿ ಅವಳಿಗೆ ಹೇಳುವ ಎದೆ ಒಬ್ಬರಿಗೂ ಬರಲಿಲ್ಲ.

ಲಾರಿಯವನು ಅಂತೋಣಪ್ಪ. ದಾರಿಯಲ್ಲಿ ನಡೆದು ಬರುತ್ತಿದ್ದ ನನ್ನ ತಾತ ಅವನಿಗೆ ಕೈಬೀಸಿದ್ದು ಅವನಿಗೆ ಕಾಣಲೇ ಇಲ್ಲ. ಏಳನೆಯ ತಿರುವು ದಾಟಿದ ಮೇಲೆ ಬ್ರೇಕು ಕಾಯ್ದು ಹಿಡಿತ ಬಿಡುತ್ತಿದೆ ಎಂದು ಅವನಿಗೆ ಅನುಮಾನ ಬಂದಿತ್ತು. ಆಗ ಮಂಜಿನೊಳಗಿನಿಂದ ಒಂದು ದನಿ ಕೇಳಿಸಿತು. ಒಡೆದು ಹೋಗಿ ಗಂಡಸಿನದೋ ಹೆಂಗಸಿನದೋ ಎಂದು ಹೇಳಲಾರದ ದನಿ. ಮುಂದೆ ಏನಿದೆ ಎಂದು ಅವನು ನೋಡುತ್ತ ಕೂರಲಿಲ್ಲ. ಲಾರಿಯನ್ನು ಎಡಕ್ಕೆ ತಿರುಗಿಸಿ ಬಂಡೆಯ ಗೋಡೆಗೆ ಉಜ್ಜಿದ. ಮಡ್‌ಗಾರ್ಡು ಕಿತ್ತುಹೋಯಿತು, ಬಿದಿರಿನ ಕಟ್ಟು ಬಿಚ್ಚಿ ದಾರಿಯ ತುಂಬ ಚೆಲ್ಲಿತು, ಅಂತೋಣಪ್ಪನ ಪಕ್ಕೆಲುಬು ಎರಡು ಮುರಿದವು. ಲಾರಿ ನಿಂತಿತು. ಬಸ್ಸಿಗೂ ಅದಕ್ಕೂ ಮೂವತ್ತು ಹೆಜ್ಜೆ ಅಂತರವಿತ್ತು.

ನನ್ನ ತಾತ ಅಲ್ಲಿಗೆ ತಲುಪಿದಾಗ ದುಂಡಮ್ಮ ಲಾರಿಯನ್ನೂ ದಾಟಿ ಇನ್ನೂ ಮೇಲೆ ಬಂದು ನಿಂತಿದ್ದಳು. ಬಾಯಿ ತೆರೆದು ಮುಚ್ಚುತ್ತಿದ್ದಳು. ದನಿ ಬರುತ್ತಿರಲಿಲ್ಲ. ತಾನು ಕೂಗುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ತಾತ ಅವಳ ಭುಜ ಹಿಡಿದು, “ಇನ್ನು ನಾವು ನಿಂತ್ಕೋತೀವಿ. ಹೋಗು ತಾಯಿ, ಅವರ ತಾವಕ್ಕೆ ಹೋಗು,” ಎಂದ. ಅವಳು ಇಳಿದು ಓಡಿದಳು. ಚೆಲ್ಲಿದ ಬಿದಿರುಗಳನ್ನೇ ಮೀಟುಗೋಲು ಮಾಡಿಕೊಂಡು ಜನ ಕಾರನ್ನು ಎತ್ತಿದರು, ಗುರುಮಲ್ಲಪ್ಪನನ್ನು ಹೊರಕ್ಕೆ ತೆಗೆದರು. ಹೆಣದ ಮುಂದೆ ಅವಳು ಕುಳಿತಳು. ಅಳಬೇಕೆಂದು ಬಾಯಿ ತೆರೆದಳು. ಅಳುವುದಕ್ಕೂ ಅವಳಲ್ಲಿ ದನಿ ಉಳಿದಿರಲಿಲ್ಲ. ಸುತ್ತ ನಿಂತಿದ್ದ ಹೆಂಗಸರು ಅವಳ ಪರವಾಗಿ ಅತ್ತರು ಎನ್ನುತ್ತಾರೆ.

ಇನ್ನೂ ಒಂದು ಕೆಲಸ ಉಳಿದಿತ್ತು. ಕೆಳಗೆ ಮಗಳಿದ್ದಳು. ಖಾಸಿಂ ಸಾಬಿ ತನ್ನ ಕೋಟನ್ನು ಹೆಣದ ಮೇಲೆ ಹೊದಿಸಿ, ನೀನು ಬರುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ ಎಂದು ಮಾತು ಕೊಟ್ಟ. ಬಸ್ಸಿನ ಇಬ್ಬರು ಹೆಂಗಸರು ಅವಳ ಕೈಗೆ ಬಿದಿರಿನ ದಬ್ಬೆ ಕಟ್ಟಿದರು. ಉಳಿದ ಐದು ತಿರುವುಗಳನ್ನು ಅವಳು ಅವರ ಜೊತೆ ನಡೆದು ಇಳಿದಳು. ಕೆಳಪಾಳ್ಯಕ್ಕೆ ಬಂದಾಗ ಮಧ್ಯಾಹ್ನ. ಅಲ್ಲಿ ಮಂಜಿರಲಿಲ್ಲ, ಎಳೆಬಿಸಿಲು ಬಿದ್ದಿತ್ತು. ಬೀಗರ ಮನೆಯ ಜಗುಲಿಯ ಮೇಲೆ ಬಿಸಿನೀರಿನ ಹಂಡೆ ಹೊಗೆಯಾಡುತ್ತಿತ್ತು. ಒಳಗೆ ಬಸಮಣ್ಣಿ ಗೋಡೆಗೆ ಒರಗಿ ಕುಳಿತಿದ್ದಳು, ಮಡಿಲಲ್ಲಿ ಮಗು. ಕೋಳಿ ಕೂಗುವ ಹೊತ್ತಿಗೇ ಮಗು ತಾನಾಗಿ ತಿರುಗಿ ಹೆರಿಗೆಯಾಗಿತ್ತು. ಕಾರು ಗಾಳಿಗುಂದಿಯನ್ನು ತಲುಪುವುದಕ್ಕೂ ಮೊದಲೇ ತಾಯಿ ಮಗು ಇಬ್ಬರೂ ಕ್ಷೇಮವಾಗಿ ನಿದ್ದೆ ಮಾಡುತ್ತಿದ್ದರು.

ತಾಯಿಯನ್ನು ಕಂಡು ಬಸಮಣ್ಣಿ ನಕ್ಕಳು. “ಅಪ್ಪಾಜಿ ಎಲ್ಲವ್ವ? ಕಾರು ನಿಲ್ಲಿಸ್ತಾ ಅವ್ರಾ?” ಎಂದು ಕೇಳಿದಳು. ದುಂಡಮ್ಮ ಹೊಸ್ತಿಲಲ್ಲೇ ಕುಸಿದಳು. ಏನಾಯಿತೆಂದು ಹೇಳಿದವರು ಜೊತೆಗೆ ಬಂದಿದ್ದ ಹೆಂಗಸರು.

ಆ ವಾರದ ಸಂತೆಯಲ್ಲಿ ಬಸ್ಸಿನ ನಲವತ್ತು ಜನ ನಲವತ್ತು ಬಗೆಯಲ್ಲಿ ಕಥೆ ಹೇಳಿದರು. ಎಲ್ಲರಿಗೂ ನೆನಪಿದ್ದದ್ದು ಮಂಜಿನೊಳಗಿನ ಆ ಕೂಗು ಒಂದೇ. ನಿಲ್ಲಣ್ಣ ಎಂದು ಕೂಗಿದ ತಿರುವು ಎಂಬುದು ನಿಲ್ಲಣ್ಣ ಕೂಗಿದ ತಿರುವಾಯಿತು. ಅದು ಸವೆದು ನಿಲ್ಲಣ್ಣನ ತಿರುವಾಯಿತು. ಪಕ್ಕೆಲುಬು ಕೂಡಿದ ಮೇಲೆ ಅಂತೋಣಪ್ಪ ಬಂದು ಅಲ್ಲಿ ಒಂದು ಬರಿಗಲ್ಲು ನೆಟ್ಟು ಮೇಣದ ಬತ್ತಿ ಹಚ್ಚಿಹೋದ. ಇಳಿಯುವ ಚಾಲಕರು ಕಲ್ಲಿನ ಮುಂದೆ ನಿಂತು ಒಂದು ಹಿಡಿ ಸೊಪ್ಪು ಹಾಕಿ ಮುಂದಕ್ಕೆ ಹೋಗುವುದು ವಾಡಿಕೆಯಾಯಿತು. ಹತ್ತು ಹದಿನೈದು ವರ್ಷ ಕಳೆದ ಮೇಲೆ, ಆ ದಿನವನ್ನು ಕಾಣದ ಹೊಸ ಚಾಲಕರು ಸೇರಿ ಶಿಲ್ಪಿಯನ್ನು ಕರೆಸಿದರು. ನಿಲ್ಲಣ್ಣ ಎಂದರೆ ಗಂಡಸಲ್ಲವೇ? ಶಿಲ್ಪಿ ಮೀಸೆ ಕೆತ್ತಿದ, ಪೇಟ ಸುತ್ತಿದ.

ನನ್ನ ತಾತನಿಗೆ ಇದು ಸಹಿಸಲಾಗಲಿಲ್ಲ. ಕೆಳಪಾಳ್ಯದಲ್ಲಿ ಮಗಳ ಮನೆಯಲ್ಲಿದ್ದ ದುಂಡಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು ಗುಡಿಯ ಮುಂದೆ ನಿಲ್ಲಿಸಿದ. ಅಷ್ಟರಲ್ಲಿ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಆ ದಿನ ಹೋದ ದನಿ ಮತ್ತೆ ಸರಿಯಾಗಿ ಬರಲೇ ಇಲ್ಲ, ಒಣ ಎಲೆ ಉಜ್ಜಿದ ಹಾಗೆ ಮಾತಾಡುತ್ತಿದ್ದಳು. “ಇವರಿಗೆ ನೀನೇ ಹೇಳು ತಾಯಿ. ನಿನ್ನ ಹೆಸರು ಬರೆಸ್ತೀನಿ, ನಿನ್ನ ಮುಖ ಕೆತ್ತಿಸ್ತೀನಿ,” ಎಂದ ತಾತ.

“ಬ್ಯಾಡ ತಿಮ್ಮಣ್ಣ,” ಎಂದಳು. “ಅವರು ನಿಲ್ಲಾನ ಅಂದಿದ್ರು. ನೀನೂ ನಿಲ್ಲಿ ಅಂದಿದ್ದೆ. ಹೊರಡ್ಸಿದೋಳು ನಾನು. ನನ್ನ ಹೆಸರಿಗೆ ಯಾಕೆ ಗುಡಿ? ಇದೇ ಇರ್ಲಿ ಬುಡು. ಹೋಗೋರು ಬರೋರು ಆ ಮಾತನ್ನಾದ್ರೂ ಅಂತಾ ಇರ್ತಾರೆ.” ಮತ್ತೆ, “ನಿನ್ನ ಕೈಲಾದ್ರೆ ಒಂದು ಕೆಲಸ ಮಾಡು. ಮೋಡ ಕೂತ ದಿನ ಮೇಲ್ಗಡೆ ದಾರಿಗೆ ಅಡ್ಡ ಸರಪಳಿ ಕಟ್ಟು. ಯಾರು ಅತ್ರೂ ಬಿಚ್ಚಬ್ಯಾಡ. ನನ್ನಂಥ ತಾಯಿ ಬಂದು ಕಾಲು ಹಿಡಿದ್ರೂ ಬಿಚ್ಚಬ್ಯಾಡ,” ಎಂದಳು. ತಾತ ಕಟ್ಟಿದ. ಇಲಾಖೆಯ ಮೇಲಿನವರು ಯಾರ ಅಪ್ಪಣೆ ಎಂದು ಕೇಳಿ ಮೂರು ಸಲ ಬಿಚ್ಚಿಸಿದರು, ಅವನು ನಾಲ್ಕನೆಯ ಸಲವೂ ಕಟ್ಟಿದ. ಆಮೇಲೆ ಅದೇ ನಿಯಮವಾಯಿತು. ತಾತನ ಕೈಯಿಂದ ನನ್ನ ತಂದೆಯ ಕೈಗೆ, ತಂದೆಯ ಕೈಯಿಂದ ನನ್ನ ಕೈಗೆ ಆ ಸರಪಳಿಯ ಬೀಗದ ಕೀಲಿ ಬಂತು. ನನ್ನ ಮುಂದೆಯೂ ಜನ ಅತ್ತಿದ್ದಾರೆ, ಬೈದಿದ್ದಾರೆ, ಕಾಲಿಗೆ ಬಿದ್ದಿದ್ದಾರೆ. ಒಬ್ಬ ತಂದೆ ನನ್ನ ಕೆನ್ನೆಗೆ ಹೊಡೆದಿದ್ದಾನೆ. ಅಂಥ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ನಾನು ಬಿಚ್ಚಲಿಲ್ಲ.

ಈಗಲೂ ಘಟ್ಟದ ಮೇಲಿನ ಮತ್ತು ಕೆಳಗಿನ ಊರುಗಳವರು ಹೊಸ ಗಾಡಿ ಕೊಂಡರೆ ಮೊದಲ ಪೂಜೆಗೆ ಒಂಬತ್ತನೆಯ ತಿರುವಿಗೆ ಬರುತ್ತಾರೆ. ಗಾಡಿಯನ್ನು ಗುಡಿಗಿಂತ ಮೇಲೆ, ಏರಿನಲ್ಲಿ ನಿಲ್ಲಿಸುತ್ತಾರೆ. ಪೂಜಾರಿ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕುಂಕುಮ ಹಚ್ಚುತ್ತಾನೆ. ಬಳಿಕ ಮನೆಯ ಹೆಂಗಸೊಬ್ಬಳು, ತಾಯಿಯೋ ಹೆಂಡತಿಯೋ, ಗುಡಿಯ ಮುಂದೆ ದಾರಿಯ ನಡುವೆ ಹೋಗಿ ನಿಲ್ಲಬೇಕು. ಚಾಲಕ ಗಾಡಿಯನ್ನು ಇಳಿಜಾರಿಗೆ ಬಿಡುತ್ತಾನೆ. ಆಗ ಅವಳು ಕಣ್ಣು ಮುಚ್ಚಿ, ಕೈಮುಗಿದು, ಗಟ್ಟಿಯಾಗಿ ಸ್ವಾಮಿಯ ಹೆಸರನ್ನು ಕೂಗುತ್ತಾಳೆ. ಹೊರಗಿನಿಂದ ಬಂದವರು ಇದೊಂದು ಚೆಂದದ ಹರಕೆ ಎಂದು ಫೋಟೋ ತೆಗೆದುಕೊಳ್ಳುತ್ತಾರೆ. ಕೂಗುವವಳು ದೇವರನ್ನು ಕರೆಯುತ್ತಿದ್ದೇನೆ ಎಂದುಕೊಂಡಿರುತ್ತಾಳೆ. ಅವಳ ಕಾಲಿನಿಂದ ಮೂರು ಮಾರು ದೂರದಲ್ಲಿ ಗಾಡಿ ನಿಲ್ಲುತ್ತದೆ.